ಲಾಳಿಕಾಯಿಗೆ ಕಾವು ಕೊಟ್ಟ ಕಥೆ

ಮೂವತ್ತು ವರ್ಷ ತುಂಬುವವರೆಗೂ ನಾನು ಹಸಿರು ಮೆಣಸಿನಕಾಯಿಯ ಗಿಡ ಬೇರೆ, ಕೆಂಪು ಮೆಣಸಿನಕಾಯಿಯ ಗಿಡ ಬೇರೆ ಎಂದು ತಿಳಿದಿದ್ದೆ. ನಗಬೇಡಿ. ನಗುವ ಹಕ್ಕುಳ್ಳವರು ಮೊಳಕಾಲ್ಮೂರಿನಲ್ಲಿದ್ದಾರೆ. ಅಂದಿನಿಂದ ಅವರು ಆ ಹಕ್ಕನ್ನು ಒಂದು ದಿನವೂ ಬಿಡದೆ ಚಲಾಯಿಸುತ್ತಿದ್ದಾರೆ.

ಇಷ್ಟಕ್ಕೂ ನಾನು ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಾಯಿ ಮಾಗಿ ಹಣ್ಣಾಗುತ್ತದೆ ಎಂದು ಸಾವಿರಾರು ಮಕ್ಕಳಿಗೆ ಪಾಠ ಮಾಡಿ, ಪರೀಕ್ಷೆಯಲ್ಲಿ ಅದಕ್ಕೆ ಅಂಕವನ್ನೂ ಕೊಟ್ಟವನು. ಆದರೆ ಆ ನಿಯಮ ಮಾವು, ಬಾಳೆ, ಸೀಬೆಗಳಂಥ ಮರ್ಯಾದಸ್ಥರಿಗೆ ಮಾತ್ರ ಅನ್ವಯಿಸುತ್ತದೆ ಎಂದುಕೊಂಡಿದ್ದೆ. ಸಂತೆಯಲ್ಲಿ ಹಸಿರಿನದು ಒಂದು ಕಡೆ, ಕೆಂಪಿನದು ಇನ್ನೊಂದು ಕಡೆ ಕೂತಿರುವಾಗ ಎರಡೂ ಒಂದೇ ತಾಯಿಯ ಮಕ್ಕಳೆಂದು ಯಾರಿಗಾದರೂ ಹೇಗೆ ಹೊಳೆಯಬೇಕು?

ಮದುವೆಯಾದ ಹೊಸತು. ಮೊಳಕಾಲ್ಮೂರಿನ ಮಾವನ ಮನೆಯ ಹಿತ್ತಲಲ್ಲಿ ಹೊಸ ಅಳಿಯನ ಗತ್ತಿನಿಂದ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುತ್ತಿದ್ದೆ. ಅತ್ತೆ ಈಶ್ವರಮ್ಮನವರು ಅಲ್ಲೇ ಏನೋ ಕೀಳುತ್ತಿದ್ದರು. ಮಾತಿಗೊಂದು ಮಾತಿರಲೆಂದು, “ಹಸಿರು ಮೆಣಸಿನಕಾಯಿ ಗಿಡ ಚೆನ್ನಾಗಿ ಬಂದಿದೆ ಅತ್ತೆ. ಕೆಂಪಿನದು ಯಾವ ಕಡೆ ಹಾಕಿದ್ದೀರಿ?” ಎಂದೆ.

ಅತ್ತೆ ಕೀಳುವುದನ್ನು ನಿಲ್ಲಿಸಿದರು. ನನ್ನ ಮುಂದೆ ಒಂದು ರೆಂಬೆಯನ್ನು ಎತ್ತಿ ಹಿಡಿದರು. ತುದಿಯಲ್ಲಿ ಬಿಳಿ ಹೂವು, ಅದರ ಕೆಳಗೆ ಹಸಿರು ಕಾಯಿ, ಅದರ ಕೆಳಗೆ ಅರ್ಧ ಬಣ್ಣ ತಿರುಗಿದ್ದು, ಎಲ್ಲಕ್ಕೂ ಕೆಳಗೆ ಕುಂಕುಮದ ಭರಣಿಯಲ್ಲಿ ಅದ್ದಿ ತೆಗೆದಂಥ ಹಣ್ಣು. ಒಂದೇ ರೆಂಬೆಯಲ್ಲಿ ಮೊಮ್ಮಗಳಿಂದ ಮುತ್ತಜ್ಜಿಯವರೆಗೆ ಇಡೀ ಸಂಸಾರ! ನಾನು ಬಾಯಿ ತೆರೆದು ನೋಡಿದೆ. ಸಾಯಂಕಾಲದ ಹೊತ್ತಿಗೆ ನೇಕಾರರ ಆ ಬೀದಿಯ ಅಷ್ಟೂ ಮಗ್ಗಗಳು ನಿಂತು ನಕ್ಕವು.

ಆ ಗಿಡದ ಕಾಯಿಗೆ ಅವರ ಮನೆಯಲ್ಲಿ ‘ಲಾಳಿಕಾಯಿ’ ಎಂದು ಹೆಸರು. ನಡು ದಪ್ಪ, ಎರಡೂ ತುದಿ ಚೂಪು. ಥೇಟ್ ಮಗ್ಗದಲ್ಲಿ ಅತ್ತಿಂದಿತ್ತ ಓಡಾಡುವ ಲಾಳಿಯೇ. ಅತ್ತೆಯ ತಾಯಿ ರಾಯದುರ್ಗದ ಕಡೆಯಿಂದ ಸೊಸೆಯಾಗಿ ಬರುವಾಗ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ತಂದ ಬೀಜವಂತೆ. ಅತ್ತೆಯ ಮದುವೆಯಾದಾಗ ಅವರ ಜೊತೆ ಈ ಹಿತ್ತಲಿಗೆ ಬಂತು. ಅಲ್ಲಿಂದ ಈಚೆಗೆ ಪ್ರತಿ ವರ್ಷ ಅದೇ ಹಿತ್ತಲು, ಅದೇ ಪಾತಿ, ಅದೇ ಕಾಯಿ. ಅದರ ಹಣ್ಣಿಗೆ ಹುಣಸೆಹಣ್ಣು, ಉಪ್ಪು ಸೇರಿಸಿ ಅತ್ತೆ ಒಂದು ತೊಕ್ಕು ಅರೆಯುತ್ತಿದ್ದರು. ಬಿಸಿ ಅನ್ನಕ್ಕೆ ಅದನ್ನು ಕಲೆಸಿ ಬಾಯಿಗಿಟ್ಟರೆ ಮೊದಲು ಸ್ವರ್ಗ ಕಾಣಿಸುತ್ತದೆ, ಆಮೇಲೆ ಏನೂ ಕಾಣಿಸುವುದಿಲ್ಲ, ಕಣ್ಣಲ್ಲಿ ಅಷ್ಟು ನೀರು.

ತೊಂಬತ್ತೊಂಬತ್ತನೆಯ ಇಸವಿಯಲ್ಲಿ ಅನಾಹುತವಾಯಿತು. ಅತ್ತೆಯ ಮನೆಯ ಹಿಂದಿನ ಗೋಡೆ ಬಿದ್ದು, ಹೊಸದಾಗಿ ಕಟ್ಟಿಸಲು ಮರಳು ತರಿಸಿದ್ದರು. ಲಾರಿಯವನು ಹಿತ್ತಲಿಗೆ ಹಿಮ್ಮುಖವಾಗಿ ಬಂದು, ಇಡೀ ಲೋಡನ್ನು ಲಾಳಿಕಾಯಿಯ ಪಾತಿಯ ಮೇಲೆ ಸುರಿದು, ಬೀಡಿ ಹಚ್ಚಿಕೊಂಡು ಹೋದ. ಮೂರು ತಲೆಮಾರು ಮರಳಿನಡಿ ಸಮಾಧಿ. ಉಳಿದದ್ದು ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಎರಡು ಒಣಕಾಯಿ.

ಆ ಎರಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬಿ.ಜಿ.ಕೆರೆ, ತಳಕು ದಾಟಿ, ಬಸ್ಸಿನಲ್ಲಿ ಆ ಗಂಟಿನ ಮೇಲಿಟ್ಟ ಕೈ ತೆಗೆಯದೆ ಅತ್ತೆ ನಮ್ಮ ಮನೆಗೆ ಬಂದರು. ಮುಂಗಾರು ಶುರುವಾಗುವ ಹೊತ್ತು.

“ನಮ್ ಹಿತ್ಲಾಗೆ ಗಾರೆ ಕೆಲಸ ಮುಗಿಯೋದು ಯಾವಾಗ್ಲೋ,” ಎಂದರು ಮಗಳಿಗೆ. “ಮೆಣಸಿನ ಬೀಜ ಬಹಳ ದಿನ ಕಾಯಲ್ಲ ಹರೀ. ಇದೊಂದ್ ಸಲ ನಿಮ್ಮ ಮನ್ಯಾಗೆ ಆಗ್ಲಿ. ಇದು ಹೋದ್ರೆ ಹೋತು, ಇನ್ನೆಲ್ಲೂ ಇಲ್ಲ.”

ನನ್ನ ಹೆಂಡತಿ ಹರಿಪ್ರಿಯಾ ತಲೆಯಾಡಿಸಿದಳು. ಅತ್ತೆ ವಿಧಾನ ಹೇಳಿದರು. “ಒದ್ದೆ ಬಟ್ಟ್ಯಾಗೆ ಕಟ್ಟಿ ಸೊಂಟಕ್ಕೆ ಸಿಗಿಸ್ಕೋ. ಆರು ದಿನ. ಬಟ್ಟೆ ಆರ್ಬಾರ್ದು, ಸೊಂಟ ತಣ್ಣಗಾಗ್ಬಾರ್ದು.”

ಅವರ ಮನೆಯ ಪದ್ಧತಿ ಅದು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಹೆಂಗಸು ಸೊಂಟದಲ್ಲಿ ಬೀಜದ ಗಂಟು ಇಟ್ಟುಕೊಂಡು ದಿನವಿಡೀ ನೇಯುತ್ತಾಳೆ. ಮೇಲೆ ರೇಷ್ಮೆ ಸೀರೆ ಬೆಳೆಯುತ್ತದೆ, ಒಳಗೆ ಮೆಣಸಿನಕಾಯಿ ಮೊಳೆಯುತ್ತದೆ.

ನಾನು ಸುಮ್ಮನಿರಬಹುದಿತ್ತು. ಆದರೆ ಹದಿನಾಲ್ಕು ವರ್ಷದ ಹಳೆಯ ಅವಮಾನ ಸುಮ್ಮನಿರಲು ಬಿಡಬೇಕಲ್ಲ?

“ಸೊಂಟವೇ! ಅತ್ತೆ, ಇದು ವಿಜ್ಞಾನದ ಯುಗ. ಬೀಜ ಮೊಳೆಯಲು ನೀರು, ಗಾಳಿ, ತಕ್ಕ ಉಷ್ಣಾಂಶ ಬೇಕು. ಸ್ಕೂಲಿನಲ್ಲಿ ಉಷ್ಣಮಾಪಕ ಇದೆ, ಗಾಜಿನ ತಟ್ಟೆ ಇದೆ, ಹತ್ತಿ ಇದೆ. ಈ ಜವಾಬ್ದಾರಿ ನನ್ನದು,” ಎಂದೆ.

ಅತ್ತೆ ನನ್ನನ್ನೊಮ್ಮೆ ನೋಡಿ, ಮಗಳ ಕಡೆ ತಿರುಗಿ ತೆಲುಗಿನಲ್ಲಿ, ಆದರೆ ನನಗೆ ಸ್ಪಷ್ಟವಾಗಿ ಕೇಳುವಂತೆ, “ಆಯನ ಚೇತಿಕಿ ಇವ್ವೊದ್ದು,” ಎಂದರು. (ಅವರ ಕೈಗೆ ಕೊಡಬೇಡ ಎಂದರ್ಥ. ನಾನು ಬೆಳೆದ ಮನೆಯಲ್ಲೂ ಆಡುತ್ತಿದ್ದದ್ದು ತೆಲುಗೇ. ನನ್ನ ತಂದೆ ಮಗ್ಗ ಬಿಟ್ಟು ಚಳ್ಳಕೆರೆಯ ಎಣ್ಣೆಮಿಲ್ಲಿನಲ್ಲಿ ಗುಮಾಸ್ತರಾದರೇ ಹೊರತು ಭಾಷೆ ಬಿಡಲಿಲ್ಲ. ಅತ್ತೆಗೆ ಇದು ಚೆನ್ನಾಗಿ ಗೊತ್ತು.)

ಅತ್ತೆ ಬಸ್ಸು ಹತ್ತಿದ ಮರುಕ್ಷಣವೇ ನಾನು ಕಾಯಿಗಳನ್ನು ವಶಪಡಿಸಿಕೊಂಡೆ. ಒಡೆದು ಎಣಿಸಿದರೆ ಅರವತ್ತೆರಡು ಬೀಜ. ಎಲ್ಲವನ್ನೂ ಒಮ್ಮೆಗೇ ಹಾಕಬಾರದು, ಅದು ಪ್ರಯೋಗದ ಶಿಸ್ತಲ್ಲ. ಮೂವತ್ತನ್ನು ಒದ್ದೆ ಹತ್ತಿಯ ಮೇಲೆ ಹರಡಿ, ಇನ್ನೊಂದು ತಟ್ಟೆ ಮುಚ್ಚಿ, ಬೆಚ್ಚಗಿರಲೆಂದು ಟೀವಿಯ ನೆತ್ತಿಯ ಮೇಲೆ ಪ್ರತಿಷ್ಠಾಪಿಸಿದೆ. ಟೀವಿ ಆರಿದರೆ ಕಾವು ಆರುತ್ತದೆ. ಹಾಗಾಗಿ ಬೆಳಗಿನಿಂದ ಟೀವಿ ಹಚ್ಚಿಯೇ ಇರಬೇಕೆಂದು ಆಜ್ಞೆ ಮಾಡಿದೆ. ಕರೆಂಟು ಹೋದಾಗ ತಟ್ಟೆಗೆ ನನ್ನ ಉಣ್ಣೆಯ ಮಫ್ಲರು ಹೊದಿಸುತ್ತಿದ್ದೆ. ನೀರು ಕಡಿಮೆಯಾದೀತೆಂಬ ಭಯಕ್ಕೆ ಗಂಟೆಗೊಮ್ಮೆ ಹನಿಸುತ್ತಿದ್ದೆ.

ಏಳನೆಯ ದಿನ ಮುಚ್ಚಳ ತೆಗೆದರೆ ಬೆಳ್ಳಗೆ ಎಳೆ ಎಳೆಯಾಗಿ ಎದ್ದಿವೆ!

“ಬೇರು! ಹರೀ, ಬೇರು ಬಂದಿದೆ ಬಾ!”

ಹರಿಪ್ರಿಯಾ ಬಂದು ಬಗ್ಗಿ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಬೂಷ್ಟು,” ಎಂದಳು.

ಮೂವತ್ತೂ ಕೊಳೆತಿದ್ದವು. ನಾನು ಗಾಜಿನ ತಟ್ಟೆ ಹಿಡಿದುಕೊಂಡು, ಆಪರೇಷನ್ ಕೋಣೆಯಿಂದ ಹೊರಬಂದ ಡಾಕ್ಟರಂತೆ ನಿಂತಿದ್ದೆ.

“ಅವ್ವನಿಗೆ ಕಾಗದ ಬರೀಲಾ?” ಎಂದಳು.

“ಬೇಡ ಹರೀ. ಇನ್ನೂ ಮೂವತ್ತೆರಡು ಇವೆ. ನೀನು ಅತ್ತೆ ಹೇಳಿದ ಹಾಗೆ—”

“ನಾನ್ಯಾಕೆ? ಜವಾಬ್ದಾರಿ ನಿಮ್ದಲ್ವಾ? ನನ್ನ ಸೊಂಟದಾಗೆ ಮೂಳೆ ಬಿಟ್ರೆ ಏನೈತ್ರಿ? ನೀವು ಬೆಳೆಸಿದ್ದೀರಲ್ಲ ಇಷ್ಟು ದೊಡ್ಡ ಹೊಟ್ಟೆ, ಒಂದು ದಿನಕ್ಕಾದ್ರೂ ಕೆಲಸಕ್ಕೆ ಬರ್ಲಿ. ನೀವೇ ಹೊರ್ರಿ. ಇಲ್ಲಾಂದ್ರೆ ಇಗಾ, ಕಾಗದ ಪೆನ್ನು ಎಲ್ಲೈತೆ?”

ಹೀಗೆ ನಾನು, ನಲವತ್ತನಾಲ್ಕರ ಪ್ರಾಯದಲ್ಲಿ, ಮೂವತ್ತೆರಡು ಬೀಜಗಳ ಒದ್ದೆ ಗಂಟನ್ನು ಪ್ಯಾಂಟಿನ ನಡುಪಟ್ಟಿಗೂ ನನ್ನ ಹೊಟ್ಟೆಗೂ ನಡುವೆ ಧರಿಸಿ ಬಸುರಾದೆ.

ಮೊದಲೆರಡು ದಿನ ಯಾರಿಗೂ ತಿಳಿಯಲಿಲ್ಲ. ಬಗ್ಗುತ್ತಿರಲಿಲ್ಲ, ಓಡುತ್ತಿರಲಿಲ್ಲ, ಸೈಕಲ್ಲು ಬಿಟ್ಟು ನಡೆದೇ ಹೋಗುತ್ತಿದ್ದೆ. ಮಲಗುವಾಗಲೂ ಅಂಗಾತ. ಮೂರನೆಯ ದಿನ ಬಟ್ಟೆ ಆರೀತೆಂದು ಸ್ಕೂಲಿನ ನಲ್ಲಿಯ ಕೆಳಗೆ ಗಂಟನ್ನು ಹಿಡಿದು ಸ್ವಲ್ಪ ಉದಾರವಾಗಿ ನೆನೆಸಿಬಿಟ್ಟೆ. ಆವತ್ತೇ ತಪಾಸಣೆಗೆಂದು ಮೇಲಿನ ಸಾಹೇಬರು ಬರಬೇಕೇ? ಒಂಬತ್ತನೆಯ ತರಗತಿಗೆ ನಾನು ಪಾಠ ಮಾಡುತ್ತಿದ್ದೆ. ಸಾಹೇಬರೂ ಅವರ ಹಿಂದೆ ನಮ್ಮ ಹೆಡ್‌ಮಾಸ್ಟರು ಮುರುಗೇಂದ್ರಪ್ಪನವರೂ ಒಳಗೆ ಬಂದರು. ನಾನು ಬೋರ್ಡಿನಿಂದ ಗಂಭೀರವಾಗಿ ಇತ್ತ ತಿರುಗಿದೆ. ನನ್ನ ಬೂದುಬಣ್ಣದ ಪ್ಯಾಂಟಿನ ಮುಂಭಾಗದಲ್ಲಿ, ಹೇಳಬಾರದ ಜಾಗದಲ್ಲಿ, ಕರ್ನಾಟಕದ ನಕಾಶೆಯಷ್ಟು ದೊಡ್ಡ ಒದ್ದೆ ಕಲೆ.

ಇಡೀ ತರಗತಿ ಉಸಿರು ಬಿಗಿಹಿಡಿಯಿತು. ಸಾಹೇಬರು ಕಿಟಕಿಯಾಚೆಯ ಬೇವಿನಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮುರುಗೇಂದ್ರಪ್ಪನವರು ನನ್ನ ಹತ್ತಿರ ಸರಿದು, ಕಿವಿಯಲ್ಲಿ, ತಂದೆಯ ವಾತ್ಸಲ್ಯದಿಂದ ಹೇಳಿದರು:

“ಎರಡು ನಿಮಿಷ ಹೊರಗೆ ಹೋಗಿ ಬರ್ರಿ ಮೇಷ್ಟ್ರೇ. ವಯಸ್ಸಾದ್ಮೇಲೆ ಯಾರಿಗಾದ್ರೂ ಆಗ್ತೈತೆ.”

“ಸಾರ್, ಹಾಗಲ್ಲ! ಇದು ಮೆಣಸಿನಕಾಯಿಯಿಂದ ಆಗಿದ್ದು ಸಾರ್!”

“ಗೊತ್ತು ಗೊತ್ತು. ನಂಗೂ ಖಾರ ಆಗಲ್ಲ. ಬಾರ್ಲಿ ನೀರು ಕುಡೀರಿ, ಉರಿ ಕಡಿಮೆ ಆಗ್ತೈತೆ.”

ಮರುದಿನ ನನ್ನ ಮೇಜಿನ ಮೇಲೆ ಮಡಿಸಿದ ಚೀಟಿಯೊಂದಿತ್ತು. ಅದರಲ್ಲಿ ದಾವಣಗೆರೆಯ ಒಬ್ಬ ಡಾಕ್ಟರ ವಿಳಾಸ.

ಇಷ್ಟೆಲ್ಲ ಅನುಭವಿಸಿದ ಮೇಲೆ ಆರನೆಯ ದಿನ ಬಂತು. ಸ್ಕೂಲಿನಿಂದ ಬಂದವನೇ ಪಡಸಾಲೆಯ ಮಂಚದ ಮೇಲೆ ಕೂತು ಗಂಟು ಬಿಚ್ಚಿದೆ. ಹರಿಪ್ರಿಯಾ ಪಕ್ಕದಲ್ಲಿ ನಿಂತಿದ್ದಳು. ಬೂಷ್ಟು ಎನ್ನಲು ಸಿದ್ಧಳಾಗಿಯೇ ನಿಂತಿದ್ದಳೆಂದು ನನ್ನ ಅನುಮಾನ.

ಬಟ್ಟೆಯ ಕೊನೆಯ ಮಡಿಕೆ ತೆರೆದಾಗ ಬೆವರಿನ ವಾಸನೆಯ ಜೊತೆ ಮಣ್ಣಿನಂಥ ಇನ್ನೇನೋ ವಾಸನೆ ಬಂತು. ಬೀಜಗಳು ಉಬ್ಬಿದ್ದವು. ಒಂದೊಂದರ ಅಂಚಿನಿಂದಲೂ ಒಂದೊಂದು ಬಿಳಿ ಮೊನೆ ಇಣುಕಿತ್ತು. ಹಾಲುಹಲ್ಲಿನಂತೆ. ಕೆಲವು ಮೊನೆಗಳು ಬಟ್ಟೆಯ ನೇಯ್ಗೆಯ ಸಂದಿಯನ್ನು ಹುಡುಕಿ ಒಳಗೆ ನುಗ್ಗಿ, ಬಿಡಿಸಿದರೂ ಬಿಡದೆ ಹಿಡಿದುಕೊಂಡಿದ್ದವು. ಅವುಗಳಿಗೆ ಕಣ್ಣಿಲ್ಲ, ಕೆಳಗೆ ಮಣ್ಣಿಲ್ಲ. ಆದರೂ ಹಿಡಿಯಬೇಕೆಂದು ಗೊತ್ತಿದೆ.

ಇಪ್ಪತ್ತು ವರ್ಷಗಳಿಂದ ‘ನೀರು, ಗಾಳಿ, ತಕ್ಕ ಉಷ್ಣಾಂಶ’ ಎಂದು ಬೋರ್ಡಿನ ಮೇಲೆ ಬರೆದು ಅಳಿಸಿದವನು ನಾನು. ಆ ಮೂರನೆಯ ಪದ ನನ್ನ ಹೊಟ್ಟೆಯ ಮೇಲಿನ ಚರ್ಮ ಎಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಅಡುಗೆಮನೆಯ ಮೊಳೆಯಲ್ಲಿ ಸತ್ತಂತೆ ನೇತಾಡುತ್ತಿದ್ದದ್ದು ನನ್ನ ಮೈ ಬಿಸಿ ತಾಗಿ ಎದ್ದು ಕೂತಿತ್ತು. 

“ಯಾಕ್ರಿ, ಮಾತೇ ನಿಂತೋಯ್ತು?” ಎಂದಳು ಹರಿಪ್ರಿಯಾ. ಅವಳ ದನಿಯೂ ಸ್ವಲ್ಪ ಬೇರೆಯಾಗಿತ್ತು.

ಇಪ್ಪತ್ತೆಂಟು ಮೊಳೆತಿದ್ದವು.

ನಾನು ಅಲ್ಲಿಗೇ ನಿಂತಿದ್ದರೆ ಈ ಕಥೆ ಮಂಗಳ ಹಾಡಿ ಮುಗಿಯುತ್ತಿತ್ತು. ಹಳೆಯ ಟ್ರಂಕಿನ ಮುಚ್ಚಳದಲ್ಲಿ ಮಣ್ಣು ತುಂಬಿ ಬಿತ್ತಿದೆವು. ಸಸಿಗಳು ಎದ್ದವು. ಗೇಣುದ್ದವಾದ ಮೇಲೆ ಹಿತ್ತಲಿನಲ್ಲಿ ಎರಡು ಸಾಲು ನೆಟ್ಟೆವು. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಅವುಗಳ ಮುಂದೆ ನಿಂತರೆ ನನ್ನ ಎದೆ ಉಬ್ಬುತ್ತಿತ್ತು. ಉಬ್ಬಿದ ಎದೆಯಿಂದ ಮೊದಲು ಹೊರಬಿದ್ದದ್ದು ಗೊಬ್ಬರದ ಯೋಜನೆ.

ನಮಗೆ ಮೊಸರು ತಂದುಕೊಡುವ ದೊಡ್ಡಉಳ್ಳಾರ್ತಿಯ ಪಾಪಕ್ಕ ಸಸಿಗಳನ್ನು ನೋಡಿ, “ಚೆಂದಾಗವೆ ಮೇಷ್ಟ್ರೇ. ನಾಳೆ ಒಂದು ಪುಟ್ಟಿ ಹಳೇ ಕುರಿ ಹಿಕ್ಕೆ ತಂದಾಕ್ತೀನಿ, ಬುಡಕ್ಕೆ ಒಂದೊಂದು ಬೊಗಸೆ ಹಾಕ್ರಿ, ಸಾಕು,” ಎಂದಳು.

ಕುರಿ ಹಿಕ್ಕೆಯೇ! ನಾನು ಚಳ್ಳಕೆರೆಯವನು. ಎಣ್ಣೆಮಿಲ್ಲಿನ ಗುಮಾಸ್ತರ ಮಗ. ನಮ್ಮ ಊರಿನ ಗಾಳಿಯಲ್ಲೇ ಶೇಂಗಾ ಇದೆ. ಎಣ್ಣೆ ತೆಗೆದು ಉಳಿದ ಶೇಂಗಾ ಹಿಂಡಿಯನ್ನು ಎಮ್ಮೆಗೆ ಹಾಕಿದರೆ ಹಾಲು ಹೆಚ್ಚುತ್ತದೆ, ಎತ್ತಿಗೆ ಹಾಕಿದರೆ ಬಲ ಹೆಚ್ಚುತ್ತದೆ. ನಮ್ಮ ಮನೆಯಲ್ಲಿ ಹಿಂಡಿಯೆಂದರೆ ಪ್ರಸಾದಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ಮೆಣಸಿನ ಗಿಡಕ್ಕೆ ಮಾತ್ರ ಅದು ಬೇಡವೇ? ಮಿಲ್ಲಿನಿಂದ ಆಗತಾನೇ ಬಂದ, ಇನ್ನೂ ಘಮ್ಮೆನ್ನುವ ಹಿಂಡಿಯನ್ನು ಅರ್ಧ ಚೀಲ ತರಿಸಿ, ಕುಟ್ಟಿ, ಪ್ರತಿ ಗಿಡದ ಬುಡಕ್ಕೂ ಎರಡೆರಡು ಸೇರಿನಂತೆ ಸುರಿದು, ಮೇಲೆ ಧಾರಾಳವಾಗಿ ನೀರು ಬಿಟ್ಟೆ. ಕೊನೆಯ ಗಿಡ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ್ದು. ಅದರ ಸರದಿ ಬರುವಷ್ಟರಲ್ಲಿ ಚೀಲ ಬರಿದಾಯಿತು. “ನಿನಗೆ ನಾಳೆ ತರ್ತೀನಿ, ಬೇಜಾರು ಮಾಡ್ಕೋಬೇಡ,” ಎಂದು ಅದರ ಎಲೆ ಸವರಿ ಒಳಗೆ ಹೋದೆ.

ಮರುದಿನ ಹಿತ್ತಲಿಗೆ ಬೀದಿಯ ನಾಯಿಗಳೆಲ್ಲ ಊಟಕ್ಕೆ ಬಂದಿದ್ದವು. ಅವನ್ನು ಓಡಿಸಿದೆ. ಎರಡನೆಯ ದಿನ ಇರುವೆಗಳ ದಂಡಯಾತ್ರೆ. ಮೂರನೆಯ ದಿನ ಬುಡಕ್ಕೆ ಕೈಯಿಟ್ಟರೆ ಮಣ್ಣು ಜ್ವರ ಬಂದಂತೆ ಸುಡುತ್ತಿತ್ತು. ಹಿಂಡಿ ಒಳಗೊಳಗೇ ಕೊಳೆತು ಕುದಿಯುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಇಪ್ಪತ್ತೇಳು ಗಿಡಗಳು ಹಳದಿಯಾಗಿ, ಕಪ್ಪಾಗಿ, ತಲೆ ಕೆಳಗೆ ಹಾಕಿದವು.

ಪಾಪಕ್ಕ ಮೊಸರಿನ ಗಡಿಗೆ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ಎರಡೂ ಸಾಲನ್ನು ನೋಡಿದಳು.

“ಗೊಬ್ಬರ ಹಾಕ್ರಿ ಅಂದ್ರೆ ಒಗ್ಗರಣೆ ಹಾಕೀರಲ್ಲ ಮೇಷ್ಟ್ರೇ!” ಎಂದಳು.

ಒಗೆಯುವ ಕಲ್ಲಿನ ಪಕ್ಕದ ಗಿಡವೊಂದೇ ಉಳಿದಿತ್ತು. ನನ್ನ ಪ್ರೀತಿ ಸಾಲದೇ ಬಂದದ್ದರಿಂದ ಬದುಕಿದ ಗಿಡ.

ಆಮೇಲಿನ ಮೂರು ತಿಂಗಳು ನಾನು ಆ ಗಿಡದ ಜವಾನನಾಗಿದ್ದೆ. ಪಾಪಕ್ಕ ತಂದ ಹಿಕ್ಕೆಯನ್ನು ಅವಳ ಕೈಯಿಂದಲೇ ಹಾಕಿಸಿದೆ. ಅವಳು ನೀರು ಬಿಡು ಎಂದ ದಿನ ಬಿಟ್ಟೆ, ಬೇಡ ಎಂದ ದಿನ ಚೊಂಬು ಮುಟ್ಟಲಿಲ್ಲ. ಗಿಡ ಹೂ ಬಿಟ್ಟಿತು. ತೋರಿಸಿಕೊಳ್ಳುವ ಹೂವಲ್ಲ ಅದು. ಬೆಳ್ಳಗಿನ, ತಲೆ ತಗ್ಗಿಸಿದ ಹೂವು. ನೋಡಬೇಕಾದರೆ ನಾವೇ ಬಗ್ಗಬೇಕು. ನಾನು ಬಗ್ಗಿದೆ. (ಹೊಟ್ಟೆ ಅಡ್ಡ ಬಂತು. ಆದರೂ ಬಗ್ಗಿದೆ.) ಹೂವು ಉದುರಿದಲ್ಲಿ ಹಸಿರು ಸೂಜಿ ಮೂಡಿತು, ಸೂಜಿ ನಡುವಿನಲ್ಲಿ ದಪ್ಪಗಾಗಿ ಲಾಳಿಯಾಯಿತು. ಯಾರೂ ಅಳತೆ ಕೊಟ್ಟಿರಲಿಲ್ಲ. ಎಪ್ಪತ್ತು ವರ್ಷದ ಹಿಂದೆ ರಾಯದುರ್ಗದಿಂದ ಗಂಟಿನಲ್ಲಿ ಬಂದ ಅಳತೆ, ನನ್ನಂಥವನ ಕೈಯಲ್ಲಿ ಸಿಕ್ಕಿಯೂ, ಒಂದು ಕೂದಲೂ ತಪ್ಪಿರಲಿಲ್ಲ.

“ಉಪ್ಪಿಟ್ಟಿಗೆ ಎರಡು ಕಾಯಿ ಕಿತ್ಕೊಂಡು ಬರ್ರಿ,” ಎಂದಳು ಒಂದು ದಿನ ಹರಿಪ್ರಿಯಾ.

“ಮುಟ್ಟಿದರೆ ನೋಡು! ಸಂತೆಯಿಂದ ತರ್ತೀನಿ.”

“ಹಿತ್ಲಾಗೆ ಗಿಡ ಇಟ್ಕೊಂಡು ಸಂತ್ಯಾಗೆ ಕಾಯಿ ತರೋರು ಜಗತ್ತಿನಾಗೆ ನೀವೊಬ್ರೇ.”

ಕಾಯಿ ಹತ್ತು ಬಿಟ್ಟಿದ್ದವು. ಕೆಳಗಿನದೊಂದು ದೀಪಾವಳಿಯ ಹೊತ್ತಿಗೆ ಬಣ್ಣ ತಿರುಗಿ, ಪೂರ್ತಿ ಹಣ್ಣಾಯಿತು. ಅದನ್ನು ಕಾಗೆ ಕುಕ್ಕದಂತೆ ನನ್ನ ಹಳೆಯ ಕರ್ಚೀಫು ಕಟ್ಟಿದೆ. ಇಡೀ ವಂಶ ಆ ಒಂದು ಹಣ್ಣಿನೊಳಗಿತ್ತು.

ಹಬ್ಬಕ್ಕೆ ಅತ್ತೆ ಬಂದರು. ಕಾಲು ತೊಳೆದವರೇ ಹಿತ್ತಲಿಗೆ ನಡೆದರು. ಹಿಂದೆ ನಾನು, ನನ್ನ ಹಿಂದೆ ಹರಿಪ್ರಿಯಾ. ಒಂಟಿ ಗಿಡವನ್ನೂ ಅದರಾಚೆಗಿನ ಖಾಲಿ ಸಾಲುಗಳನ್ನೂ ನೋಡಿ ಅವರು ಕುಕ್ಕರಗಾಲಿನಲ್ಲಿ ಕೂತರು. ನಾನು ಟೀವಿಯಿಂದ ಹಿಂಡಿಯವರೆಗೆ ಎಲ್ಲ ಅಪರಾಧವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡೆ. ಅತ್ತೆ ಬೈಯಲಿಲ್ಲ.

ಕರ್ಚೀಫು ಬಿಚ್ಚಿದರು. ಹಣ್ಣನ್ನು ಚಿವುಟಿದರು. ಉಗುರಿನಿಂದ ಉದ್ದಕ್ಕೆ ಸೀಳಿ ಬೀಜವನ್ನೆಲ್ಲ ಸೆರಗಿಗೆ ಉದುರಿಸಿಕೊಂಡು, ಉಳಿದ ಕೆಂಪು ಸಿಪ್ಪೆಯನ್ನು, ನಾನು ತಿಂಗಳುಗಟ್ಟಲೆ ಕಾದ ಆ ಸಿಪ್ಪೆಯನ್ನು, ಬಾಯಿಗೆ ಹಾಕಿಕೊಂಡು ಕಚಕಚ ಅಗಿದರು!

“ಅತ್ತೆ!” ಎಂದು ಕಿರುಚಿದೆ.

ಅವರು ಕೈಯೆತ್ತಿ ಸುಮ್ಮನಿರಲು ಹೇಳಿದರು. ಕಣ್ಣು ಮುಚ್ಚಿ ಅಗಿಯುತ್ತಲೇ ಇದ್ದರು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯಿತು. ಖಾರದ್ದೋ, ಬೇರೆಯದೋ ನಾನು ಕೇಳಲಿಲ್ಲ.

“ಹೋದ ವರ್ಷ ಬೇರೆ ಗಿಡದ ಹೂವಿನ ಸಂಗ ಆಗಿದ್ರೆ ಈ ಕಾಯಿ ಬುದ್ಧಿ ಕೆಡ್ತಿತ್ತು. ಮೊದ್ಲೇ ಹಣ್ಣು ತಿಂದು ನೋಡ್ದೆ ಬೀಜಕ್ಕೆ ಇಟ್ಕೊಳ್ಳಂಗಿಲ್ಲ,” ಎಂದರು, ಸೆರಗಿನಿಂದ ಕಣ್ಣೊರೆಸಿಕೊಂಡು. “ಅದೇ. ನಮ್ಮವ್ವನ್ ಕಾಯೇ.”

ಬೀಜದ ಗಂಟು ಬಿಗಿಯುತ್ತಾ ಕೇಳಿದರು, “ಕಟ್ಟಿದ ಮೂವತ್ತೆರಡಕ್ಕೆ ಎಷ್ಟು ಎದ್ದಿದ್ವು ಅಂದ್ರಿ?”

“ಇಪ್ಪತ್ತೆಂಟು.”

“ಇಪ್ಪತ್ತೆಂಟು!” ಅತ್ತೆ ಮಗಳ ಕಡೆ ತಿರುಗಿದರು. “ಹೋದ ವರ್ಷ ನಾನು ಒಂದ್ ಹಿಡಿ ಕಟ್ಕೊಂಡಿದ್ದೆ ಹರೀ, ಎದ್ದದ್ದು ಆರು. ನನ್ನ ಮೈಯಾಗೆ ಕಾವಿಲ್ಲ ಈಗ. ಅದಕ್ಕೇ ನಿನ್ನತ್ರ ತಂದಿದ್ದು. ಮರಳು ಬೀಳ್ದೆ ಇದ್ರೂ ತರ್ತಿದ್ದೆ.”

ಹರಿಪ್ರಿಯಾ ತಾಯಿಯ ಕೈ ಹಿಡಿದುಕೊಂಡಳು. ನನ್ನ ಎದೆ ಮಾತ್ರ, ತನಗೆ ಅಭ್ಯಾಸವಾದ ರೀತಿಯಲ್ಲಿ, ಮೆಲ್ಲಗೆ ಉಬ್ಬತೊಡಗಿತು. ಎಷ್ಟಾದರೂ ಈ ವಂಶವನ್ನು ಉಳಿಸಿದವನು ನಾನಲ್ಲವೇ? ಗಂಟಲು ಸರಿಮಾಡಿಕೊಂಡು ಕೇಳಿದೆ:

“ಅತ್ತೆ, ಸಂಕೋಚವಿಲ್ಲದೆ ಹೇಳಿ. ನನ್ನ ಓದು ಇತ್ತು, ತಾಳ್ಮೆ ಇತ್ತು, ಹಗಲಿಡೀ ಕಾವಲು ಕಾದ ನಿಷ್ಠೆ ಇತ್ತು. ಇಷ್ಟರಲ್ಲಿ ಯಾವುದರಿಂದ ಈ ಗಿಡ ಉಳಿಯಿತು?”

ಅತ್ತೆ ಮೊಣಕಾಲಿಗೆ ಕೈಕೊಟ್ಟು ಎದ್ದರು. ನನ್ನನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬಂದು, ಅರ್ಧದಾರಿಯಲ್ಲಿ ದೃಷ್ಟಿ ನಿಲ್ಲಿಸಿದರು.

“ಹೊಟ್ಟೆಯಿಂದ, ಅಳಿಯಂದ್ರೇ. ಬರೋ ವರ್ಷ ಅದನ್ನ ಮೊಳಕಾಲ್ಮೂರಿಗೆ ತಗೊಂಡು ಬರ್ರಿ. ತಲೆ ಇಲ್ಲೇ ಇರ್ಲಿ.”